ಹನ್ನೊಂದು ಡಿಗ್ರಿ

೨ ಸೆಪ್ಟೆಂಬರ್ ೨೦೨೪, ಸೋಮವಾರ

ಇವತ್ತಿನಿಂದ ಬರೆಯುತ್ತೇನೆ. ಬರೆಯದಿದ್ದರೆ ಯಾರಿಗಾದರೂ ಹೊಡೆದುಬಿಡುತ್ತೇನೆ, ಅದಕ್ಕೆ.

ಕಲಬುರಗಿಯ ಕಾಲೇಜಿನಲ್ಲಿ ನಮ್ಮ ವಿಭಾಗದ ಗೋಡೆಗೆ ಬಣ್ಣದ ಹಾಳೆ ಅಂಟಿಸಿದ್ದಾರೆ. ‘ತೊಗರಿ ಹೊಲಕ್ಕೆ ಔಷಧ ಹೊಡೆಯುವ ಪುಟ್ಟ ವಿಮಾನ. ವಿನ್ಯಾಸ: ಅಂಬರೇಶ ಭಾಗಣ್ಣ, ಚಿತ್ತಾಪುರ.’ ಅಷ್ಟೇ. ಎರಡು ಸಲ ಓದಿದೆ, ಮೂರನೆಯ ಸಲ ಬೆರಳಿಟ್ಟು ಓದಿದೆ. ಆ ರೆಕ್ಕೆಯ ಚಿತ್ರ ನಾನು ಬರೆದದ್ದು. ಪಕ್ಕದ ಅಂಕಿಗಳು, ಮಾರ್ಚ್ ತಿಂಗಳು ಪೂರ್ತಿ ಶಹಾಬಾದಿನ ಬಿಸಿಲಲ್ಲಿ, ಅಪ್ಪ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಮಾಡುವ ಶೆಡ್ಡಿನ ಮೂಲೆಯಲ್ಲಿ ಕೂತು ನಾನು ಅಳೆದದ್ದು. ಜೊತೆಗಾರ ಎನ್ನಿಸಿಕೊಂಡ ಇವನು ಏನು ಮಾಡಿದ? ಫ್ಯಾನಿನ ಸ್ವಿಚ್ಚು ಹಾಕಿದ, ತೆಗೆದ. ಮಧ್ಯಾಹ್ನ ಅವ್ವ ಬಡಿದ ರೊಟ್ಟಿಗೆ ಪುಂಡಿಪಲ್ಯ ಹಚ್ಚಿಕೊಂಡು ತಿಂದ, ಸಂಜೆ ವಾಡಿಯ ರೈಲು ಹಿಡಿದು ಮನೆಗೆ ಹೋದ. ಉಂಡ ಮನೆಯ ಜಂತೆ ಎಣಿಸುವವನನ್ನು ಗಾದೆಯಲ್ಲಿ ಕೇಳಿದ್ದೆ, ಈಗ ಕಣ್ಣಾರೆ ನೋಡಿದೆ.

ಕ್ಯಾಂಟೀನಿನಲ್ಲಿ ಹಿಡಿದು ಕೇಳಿದೆ. ಚಹಾದ ಲೋಟದಿಂದ ತಲೆಯೆತ್ತದೆ ಹೇಳಿದ:

“ಫಾರ್ಮಿನ್ಯಾಗ ಒಂದೇ ಹೆಸರಿಗೆ ಜಾಗ ಇತ್ತು ಮೈತ್ರಿ. ಸಿಟ್ಟಾಗಬ್ಯಾಡ. ನನಗ ಕೆಲಸ ಹತ್ತಲಿ, ಆಮ್ಯಾಲ ನಿನ್ನ ಬಗ್ಗೆನೂ ಹೇಳ್ತೀನಿ.”

ನೇರವಾಗಿ ವಿಭಾಗದ ಮುಖ್ಯಸ್ಥ ನಾಗೇಂದ್ರಪ್ಪ ಸರ್ ಹತ್ತಿರ ಹೋದೆ. ಅವರು ಕನ್ನಡಕ ತೆಗೆದು ಒರೆಸಿದರು.

“ಅವ ಹೇಳಿದ್ದು ಬ್ಯಾರೇನೇ ಅದ ಅಲ್ಲವಾ. ಡಿಸೈನ್ ಎಲ್ಲಾ ನಂದು, ಮೈತ್ರಿ ಟೈಪಿಂಗ್ ಮಾಡಿಕೊಟ್ಟಾಳ ಅಂದಾನ. ಈಗ ಹೆಸರು ಕಳಿಸಿ ಆಗ್ಯಾದ, ಏನು ಮಾಡಾಕ ಬರ್ತದ?”

ಟೈಪಿಂಗ್.

ನವೆಂಬರಿನಲ್ಲಿ ಹೈದರಾಬಾದಿನ ಒಂದು ಸಣ್ಣ ಕಂಪನಿಯವರು ಬಂದು ವಿಮಾನ ಹಾರುವುದನ್ನು ನೋಡುತ್ತಾರೆ. ಸರಿಯಾಗಿ ಹಾರಿದರೆ ವಿನ್ಯಾಸ ಮಾಡಿದವರನ್ನು ಕೆಲಸಕ್ಕೆ ಕರೆಯುತ್ತಾರೆ. ಹೈಸ್ಕೂಲಿನಿಂದ ನಾನು ಕಂಡ ಕನಸು ಅದೊಂದೇ, ವಿಮಾನದ ರೆಕ್ಕೆ ಮಾಡುವುದು. ಕೈ ಕೆಸರಾದದ್ದು ನನ್ನದು, ಮೊಸರು ಅವನ ಬಾಯಿಗೆ. ಅವನನ್ನು ಎಲ್ಲರ ಮುಂದೆ ನೆಲಕ್ಕೆ ಹಾಕದೆ ನಾನು ಬಿಡುವುದಿಲ್ಲ.

೩ ಸೆಪ್ಟೆಂಬರ್

ರೈಲಿನಲ್ಲಿ ಎದುರು ಸೀಟಿಗೆ ಬಂದು ಕೂತ. ಎದ್ದು ಹೋಗಿ ಬಾಗಿಲ ಬಳಿ ನಿಂತೆ. ಕಲಬುರಗಿಯ ತನಕ ನಿಂತೇ ಹೋದೆ. ಕಾಲು ನೋವು. ಅದಕ್ಕೂ ಅವನೇ ಕಾರಣ.

೯ ಸೆಪ್ಟೆಂಬರ್

ಅಳುತ್ತ ಕೂತರೆ ಅವನಿಗೇ ಲಾಭ. ಹೊಸ ರೆಕ್ಕೆ ಮಾಡುತ್ತೇನೆ, ಅದೇ ಆಕಾರ, ಇನ್ನೂ ಚೊಕ್ಕ. ಅಂಕಿಗಳನ್ನು ಮತ್ತೆ ಅಳೆದು ಸರ್ ಮುಂದೆ ಇಡುತ್ತೇನೆ. ಇದೇ ಅಳತೆಯನ್ನು ಇವನು ಒಂದು ಸಲ ಮಾಡಿ ತೋರಿಸಲಿ ಎನ್ನುತ್ತೇನೆ. ತಕ್ಕಡಿಯನ್ನು ಯಾವ ಕಡೆ ಇಡಬೇಕೆಂದೂ ಗೊತ್ತಾಗದೆ ನಿಲ್ಲುತ್ತಾನೆ, ಗ್ಯಾರಂಟಿ.

ಶೆಡ್ಡಿನ ಮೂಲೆಯಲ್ಲಿ ನನ್ನ ಗಾಳಿ ಪೆಟ್ಟಿಗೆ ಹಾಗೇ ಇದೆ. ಎಂಟಡಿ ಉದ್ದದ ಪ್ಲೈವುಡ್ ಡಬ್ಬಿ. ಒಂದು ತುದಿಗೆ ಗಾಳಿ ಎಳೆಯುವ ಕೂಲರ್ ಫ್ಯಾನು. ಇನ್ನೊಂದು ತುದಿಗೆ, ಒಳಬರುವ ಗಾಳಿ ಸುತ್ತದೆ ನೆಟ್ಟಗೆ ಬರಲೆಂದು ಒತ್ತೊತ್ತಾಗಿ ಜೋಡಿಸಿದ ಎಳನೀರು ಕುಡಿಯುವ ನಳಿಗೆಗಳು. ನಡುವೆ ಗಾಜಿನ ಕಿಟಕಿ, ಅದರೊಳಗೆ ರೆಕ್ಕೆ, ರೆಕ್ಕೆಯ ಕೆಳಗೆ ಅವ್ವನ ಅಡುಗೆಮನೆಯಿಂದ ಎತ್ತಿ ತಂದ ತಕ್ಕಡಿ. ಗಾಳಿ ರೆಕ್ಕೆಯನ್ನು ಎಷ್ಟು ಎತ್ತುತ್ತದೋ ತಕ್ಕಡಿಯಲ್ಲಿ ಅಷ್ಟು ತೂಕ ಇಳಿಯುತ್ತದೆ.

ಥರ್ಮೋಕೋಲ್ ಕೊರೆದು, ಕಾಗದ ಸುತ್ತಿ, ಮೂರು ಸಲ ವಾರ್ನಿಶ್ ಹೊಡೆದೆ. ಹಿಂದಿನ ಸಲ ಅವಸರದಲ್ಲಿ ಶೆಡ್ಡಿನಲ್ಲೇ ಒಣಗಿಸಿದ್ದೆ. ಈ ಸಲ ಮನೆಯೊಳಗೆ, ಸೊಳ್ಳೆಪರದೆ ಮುಚ್ಚಿ ಒಣಗಿಸಿದೆ. “ಕೂಸಿಗೆ ಮಾಡಿದಂಗ ಮಾಡ್ಲಿಕತ್ತಾಳ ನೋಡ್ರಿ” ಎಂದು ಅವ್ವ ಅಪ್ಪನಿಗೆ ತೋರಿಸಿ ನಕ್ಕಳು.

೧೫ ಸೆಪ್ಟೆಂಬರ್, ಭಾನುವಾರ

ಹನ್ನೊಂದು. ಹದಿನೈದು ಬರಬೇಕಾದ ಕಡೆ ಹನ್ನೊಂದು.

ಗಾಳಿ ರೆಕ್ಕೆಯ ಬೆನ್ನಿಗೆ ಅಂಟಿಕೊಂಡು ಹರಿಯುತ್ತಿರಬೇಕು. ರೆಕ್ಕೆಯ ಮುಂದಿನ ಅಂಚನ್ನು, ಅಂದರೆ ಮೂತಿಯನ್ನು, ಒಂದೊಂದೇ ಡಿಗ್ರಿ ಮೇಲೆ ಮಾಡಿದರೆ ಎತ್ತುವ ಬಲ ಏರುತ್ತ ಹೋಗುತ್ತದೆ, ಆದರೆ ಒಂದು ಮಿತಿಯ ತನಕ. ಮಿತಿ ದಾಟಿದರೆ ಗಾಳಿ ಬೆನ್ನು ಬಿಟ್ಟು ಹೋಗುತ್ತದೆ, ರೆಕ್ಕೆ ಬರೀ ಹಲಗೆಯಾಗುತ್ತದೆ. ಮಾರ್ಚಿನಲ್ಲಿ ಆ ಮಿತಿ ಹದಿನೈದು ಎಂದು ಅಳೆದಿದ್ದೆ. ಇವತ್ತು ಹನ್ನೊಂದಕ್ಕೇ ರೆಕ್ಕೆಯ ಬೆನ್ನಿಗೆ ಅಂಟಿಸಿದ ಉಣ್ಣೆಯ ಎಳೆಗಳು ಹಿಂದುಮುಂದಾಗಿ ಒದ್ದಾಡಿದವು. ನಾಲ್ಕು ಸಲ ಮಾಡಿದೆ. ನಾಲ್ಕು ಸಲವೂ ಹನ್ನೊಂದು.

ಮೊದಲು ಎದೆ ಧಸಕ್ಕೆಂದಿತು, ಮಾರ್ಚಿನ ಇಡೀ ಕೆಲಸ ತಪ್ಪಾಯಿತಲ್ಲ ಎಂದು. ಆಮೇಲೆ ನಗು ಬಂತು. ಎಷ್ಟು ನಕ್ಕೆನೆಂದರೆ ಅಪ್ಪ ಪಾಲಿಶ್ ಮಷೀನು ನಿಲ್ಲಿಸಿ ಬಂದು ನೋಡಿದ. ಅವನು ಕದ್ದದ್ದು ತಪ್ಪು ಅಂಕಿಯನ್ನು. ಹದಿನೈದರ ತನಕ ಭಯವಿಲ್ಲ ಎಂದುಕೊಂಡು ಅವನು ವಿಮಾನ ಕಟ್ಟುತ್ತಿದ್ದಾನೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು, ಇವನು ಕೊಡಗಟ್ಟಲೆ ಕುಡಿಯುತ್ತಾನೆ.

ತಡೆದುಕೊಳ್ಳಲಾಗಲಿಲ್ಲ. ಫೋನಿಗೆ ಬರೆದು ಕಳಿಸಿದೆ: ‘ನಿನ್ನ ವಿಮಾನ ಬೀಳ್ತದ. ನಾ ಬಂದು ನಿಂತು ನೋಡ್ತೀನಿ.’

೧೬ ಸೆಪ್ಟೆಂಬರ್

ಉತ್ತರ ಬಂದಿದೆ: ‘ನಿನ್ನ ಹೊಟ್ಟಿಕಿಚ್ಚು ನನಗ ಗೊತ್ತದ.’

ಹೊಟ್ಟೆಕಿಚ್ಚಂತೆ. ಉರಿಯಲಿ ಬಿಡು, ಚಳಿಗಾಲ ಹತ್ತಿರ ಬಂತು.

೪ ಅಕ್ಟೋಬರ್

ದಿನ ಗೊತ್ತಾಯಿತು. ನವೆಂಬರ್ ಹದಿನಾರು, ಸೇಡಂ ತಾಲೂಕಿನ ಮುಧೋಳದಲ್ಲಿ, ರೇವಣಪ್ಪ ಎಂಬುವರ ತೊಗರಿ ಹೊಲದ ಮೇಲೆ. ಕಾಯಿಕೊರಕ ಹುಳಕ್ಕೆ ಔಷಧ ಹೊಡೆಯುವ ಹೊತ್ತು ಅದು.

ಅಂದು ಏನಾಗುತ್ತದೆಂದು ನನಗೆ ನಿಮಿಷ ನಿಮಿಷ ತಿಳಿದಿರಬೇಕು. ಅದಕ್ಕೇ ಲೈಬ್ರರಿಯಲ್ಲಿ ಕೂತು ಓದುತ್ತಿದ್ದೇನೆ. ನೆಟ್ಟಗೆ ಹೋಗುವ ತನಕ ಅವನಿಗೆ ತೊಂದರೆಯಿಲ್ಲ, ಐದಾರು ಡಿಗ್ರಿಯಲ್ಲಿ ಆರಾಮಾಗಿ ಹೋಗುತ್ತದೆ. ಹೊಲದ ಅಂಚಿಗೆ ಬಂದು ತಿರುಗಬೇಕಲ್ಲ, ಕುತ್ತು ಅಲ್ಲಿದೆ. ತಿರುಗುವಾಗ ವಿಮಾನ ಒಂದು ಬದಿಗೆ ವಾಲುತ್ತದೆ. ಎತ್ತುವ ಬಲದಲ್ಲಿ ಒಂದು ಪಾಲು ತಿರುಗುವುದಕ್ಕೇ ಹೋಗುತ್ತದೆ, ಉಳಿದದ್ದು ತೂಕ ಹೊರಲು ಸಾಲುವುದಿಲ್ಲ. ಆಗ ಮೂತಿ ಎತ್ತಬೇಕು. ಔಷಧದ ಡಬ್ಬಿ ತುಂಬಿದ್ದಾಗ ಹದಿಮೂರು ಡಿಗ್ರಿ ಬೇಕಾಗುತ್ತದೆ ಎಂದು ನನ್ನ ಲೆಕ್ಕ. ಹದಿಮೂರಕ್ಕೆ ಹೋಗುವ ದಾರಿಯಲ್ಲಿ ಹನ್ನೊಂದು ಬರುತ್ತದೆ. ಮೊದಲನೆಯ ತಿರುವಿನಲ್ಲೇ, ಎಲ್ಲರ ಕಣ್ಣಮುಂದೆ.

ಮೂರು ವರ್ಷ ಪರೀಕ್ಷೆಗೆಂದು ಓದಿದ್ದೆಲ್ಲ ಮರೆತುಹೋಗಿತ್ತು. ಸೇಡಿಗೆಂದು ಓದಿದ್ದು ಒಂದಕ್ಷರವೂ ಮರೆಯುತ್ತಿಲ್ಲ. ಇವತ್ತು ಲೈಬ್ರರಿಯವರು ಬಾಗಿಲು ಹಾಕುತ್ತೇವೆ ಎಂದು ಬಂದು ಎಬ್ಬಿಸಬೇಕಾಯಿತು. ಊಟ ಮಾಡಿದ್ದೆನೋ ಇಲ್ಲವೋ ನೆನಪಿಲ್ಲ.

೧೨ ಅಕ್ಟೋಬರ್, ಶನಿವಾರ

ಅಶೋಕ ವಿಜಯದಶಮಿ. ಅಪ್ಪ, ಅವ್ವ, ನಾನು ಬಿಳಿ ಬಟ್ಟೆಯುಟ್ಟು ಬುದ್ಧ ವಿಹಾರಕ್ಕೆ ಹೋಗಿದ್ದೆವು. ಎಲ್ಲರೂ ಕಣ್ಣು ಮುಚ್ಚಿ ಕೂತರು. ವೈರಿಗೂ ಒಳ್ಳೆಯದಾಗಲಿ ಎನ್ನುವ ಮಾತು ಬಂದಾಗ ನಾನು ತುಟಿ ಬಿಗಿಹಿಡಿದೆ. ಸುಳ್ಳೇಕೆ ಹೇಳಬೇಕು.

ಆದರೆ ಬೇರೊಂದು ಕಾಡುತ್ತಿದೆ. ಮಾರ್ಚಿನಲ್ಲಿ ಹದಿನೈದು ಹೇಗೆ ಬಂತು? ಆಗಲೂ ನಾನೇ ಅಳೆದದ್ದು, ಒಂದು ಸಲ ಅಲ್ಲ, ಇಪ್ಪತ್ತು ಸಲ. ಅವನ ವಿಮಾನ ಬೀಳಬೇಕಾದರೆ ನನ್ನ ಮಾರ್ಚಿನ ಕೆಲಸ ಸುಳ್ಳಾಗಬೇಕು. ಬೀಳಲಿ ಎನ್ನುತ್ತೇನೆ, ಸುಳ್ಳಾಗಲಿ ಎನ್ನಲು ಬಾಯಿ ಬರುತ್ತಿಲ್ಲ. ನಾನು ಕಣ್ಣು ಮುಚ್ಚಿ ಅಳೆದವಳಲ್ಲ.

೨೦ ಅಕ್ಟೋಬರ್, ಭಾನುವಾರ

ಸಿಕ್ಕಿತು, ಸಿಕ್ಕಿತು, ಸಿಕ್ಕಿತು.

ಬೆಳಿಗ್ಗೆ ಅಪ್ಪನನ್ನು ಕೇಳಿದೆ, ನನ್ನ ಹಳೆಯ ರೆಕ್ಕೆ ಎಲ್ಲಿಟ್ಟಿದ್ದೀ ಎಂದು. ಶೆಡ್ಡಿನ ಅಟ್ಟದ ಮೇಲಿಂದ ತೆಗೆದುಕೊಟ್ಟ. ಪೆಟ್ಟಿಗೆಗೆ ಹಾಕಿ ಫ್ಯಾನು ಚಾಲೂ ಮಾಡಿದೆ. ಹನ್ನೊಂದು ದಾಟಿತು, ಹನ್ನೆರಡು, ಹದಿಮೂರು. ಉಣ್ಣೆಯ ಎಳೆಗಳು ಅಲುಗಲಿಲ್ಲ, ಬೆನ್ನಿಗೆ ಮಲಗಿಕೊಂಡೇ ಇದ್ದವು. ಹದಿನೈದಕ್ಕೆ ಎದ್ದು ಒದ್ದಾಡಿದವು. ಮಾರ್ಚಿನ ಮೈತ್ರಿ ಸುಳ್ಳು ಬರೆದಿರಲಿಲ್ಲ.

ಹಾಗಾದರೆ ಎರಡಕ್ಕೂ ವ್ಯತ್ಯಾಸ ಏನು? ಅಳತೆಪಟ್ಟಿ ಇಟ್ಟು ನೋಡಿದೆ, ಉದ್ದ ಅದೇ, ದಪ್ಪ ಅದೇ, ಬಾಗು ಅದೇ. ಕೊನೆಗೆ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೈಯಾಡಿಸಿದೆ. ಹೊಸದು ಗಾಜಿನ ಹಾಗೆ ನುಣುಪು. ಹಳೆಯದರ ಮೂತಿ ಕೈಗೆ ತರಿತರಿ ಹತ್ತಿತು. ನೀರಲ್ಲಿ ತೊಳೆದೆ, ಹೋಗಲಿಲ್ಲ. ಉಗುರಿನಿಂದ ಕೆರೆದು ಬೆಳಕಿಗೆ ಹಿಡಿದೆ. ಫರಸಿ ಪುಡಿ.

ಶೆಡ್ಡಿನಲ್ಲಿ ಒಣಗಲು ಇಟ್ಟಾಗ ಹಸಿ ವಾರ್ನಿಶ್ಶಿನ ಮೇಲೆ ಕೂತುಬಿಟ್ಟಿದೆ. ನಾನು ಯಾಕೆ ನೋಡಲಿಲ್ಲ? ನಮ್ಮ ಓಣಿಯಲ್ಲಿ ಫರಸಿ ಪುಡಿಯನ್ನು ಯಾರು ನೋಡುತ್ತಾರೆ. ಕುಡಿಯುವ ನೀರಿನ ಕೊಡದ ಮೇಲೆ ಪುಡಿ, ಅಪ್ಪನ ಹುಬ್ಬಿನ ಮೇಲೆ ಪುಡಿ, ಪುಸ್ತಕ ತೆರೆದರೆ ಪುಡಿ. ಅವ್ವ ದಿನಕ್ಕೆ ಮೂರು ಸಲ ಒರೆಸುತ್ತಾಳೆ, ಒರೆಸಿದ ಬಟ್ಟೆಯಲ್ಲೂ ಪುಡಿ. ಬೇರೆ ಊರಿನವಳಾಗಿದ್ದರೆ ಮೊದಲ ದಿನವೇ ಕಾಣುತ್ತಿತ್ತು.

ಅಪ್ಪನಿಗೆ ತೋರಿಸಿದೆ. ಅವನು ಕೈಯಾಡಿಸಿ ನೋಡಿ ಹೇಳಿದ:

“ಇದರಾಗೇನು ದೊಡ್ಡದದ ಯವ್ವಾ. ಪಾಲಿಶ್ ಫರಸಿ ಮ್ಯಾಲ ನೀರು ನಿಲ್ಲಂಗಿಲ್ಲ, ಜಾರಿ ಹೋಗ್ತದ. ಒರಟ ಬಾಜೂನ್ಯಾಗ ಹಿಡಕೊಂತದ. ನಿನ್ನ ಗಾಳೀನೂ ಹಂಗೇ ಇರಬೇಕು.”

ಪೂರ್ತಿ ಹಾಗಲ್ಲ, ಆದರೆ ಪುಸ್ತಕಕ್ಕಿಂತ ಹತ್ತಿರ ಬಂದ. ನುಣುಪು ಮೂತಿಯ ಮೇಲೆ ಗಾಳಿ ಪದರುಪದರಾಗಿ ಸೋಮಾರಿಯಂತೆ ಜಾರುತ್ತದೆ, ಮೈಗೆ ಹತ್ತಿದ ಪದರು ಬೇಗ ಸುಸ್ತಾಗಿ ಬಿಟ್ಟು ಹೋಗುತ್ತದೆ. ಒರಟು ಮೂತಿ ಅದನ್ನು ಕಲಕುತ್ತದೆ. ಮೇಲಿನ ಜೋರು ಗಾಳಿ ಕೆಳಗೆ ಬಂದು ಸುಸ್ತಾದದ್ದನ್ನು ತಳ್ಳಿಕೊಂಡು ಹೋಗುತ್ತದೆ. ಅದಕ್ಕೇ ಇನ್ನೂ ನಾಲ್ಕು ಡಿಗ್ರಿ ಹಿಡಿದುಕೊಳ್ಳುತ್ತದೆ. ಇಷ್ಟು ಸಣ್ಣ, ಇಷ್ಟು ನಿಧಾನದ ರೆಕ್ಕೆಗೆ ಇದು ಬೇಕೇ ಬೇಕು.

ಪರೀಕ್ಷಿಸದೆ ನಂಬಬಾರದು. ಹಳೆಯ ರೆಕ್ಕೆಯ ಮೂತಿಗೆ ಉಜ್ಜುವ ಕಾಗದ ಹಾಕಿ ನುಣುಪು ಮಾಡಿದೆ: ಹನ್ನೊಂದು. ಹೊಸದರ ಮೂತಿಗೆ ಗೋಂದು ಸವರಿ ಒಂದು ಬೆರಳಗಲ ಪುಡಿ ಉದುರಿಸಿದೆ: ಹದಿನೈದು. ಪುಡಿ ಸೋಸಿ, ಸಣ್ಣದನ್ನಷ್ಟೇ ಹಚ್ಚಿದೆ: ಹದಿನೈದೂವರೆ. ಪುಡಿಯ ಪಟ್ಟೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದೆ: ಹದಿನಾಲ್ಕು. ಮತ್ತೆ ಮುಂದಕ್ಕೆ. ಕಣ್ಣಿಗೆ ಕಾಣದ ಗಾಳಿ ನನ್ನ ಮಾತು ಕೇಳುತ್ತಿತ್ತು. ಅವ್ವ ತಕ್ಕಡಿ ಬೇಕೆಂದು ಎರಡು ಸಲ ಬಂದಳು, ಕೊಡಲಿಲ್ಲ. ಬೈದು, ಕೊನೆಗೆ ತಾನೂ ಕಿಟಕಿಯಲ್ಲಿ ಬಗ್ಗಿ ನೋಡುತ್ತ ನಿಂತಳು. ಇಂಥ ದಿನ ನನ್ನ ಜನ್ಮದಲ್ಲಿ ಬಂದಿರಲಿಲ್ಲ.

೨೧ ಅಕ್ಟೋಬರ್

ನಿನ್ನೆ ಅವನ ಬಗ್ಗೆ ಒಂದು ಸಾಲೂ ಬರೆದಿಲ್ಲ, ಈಗ ಓದಿದಾಗ ಗೊತ್ತಾಯಿತು. ಬರೆಯುತ್ತೇನೆ: ಪುಡಿಯ ಸುದ್ದಿ ಅವನಿಗೆ ಹೇಳುವುದಿಲ್ಲ. ಸತ್ತರೂ ಹೇಳುವುದಿಲ್ಲ.

೬ ನವೆಂಬರ್

ಅವನ ವಿಮಾನ ನೋಡಿದೆ. ವರ್ಕ್‌ಶಾಪಿನ ಮೇಜಿನ ಮೇಲೆ ಇಟ್ಟಿದ್ದ. ಎರಡು ಮೀಟರು ರೆಕ್ಕೆ, ಬಿಳಿ ಬಣ್ಣ, ಹೊಟ್ಟೆಯಡಿ ಔಷಧದ ಡಬ್ಬಿ. ಮೂತಿಯನ್ನು ವಾರಗಟ್ಟಲೆ ಉಜ್ಜಿದ್ದಾನೆ, ಬಗ್ಗಿದರೆ ಮುಖ ಕಾಣುತ್ತದೆ. ನಾಗೇಂದ್ರಪ್ಪ ಸರ್ ಬಂದವರಿಗೆಲ್ಲ ಮುಟ್ಟಿ ನೋಡಿ ಎನ್ನುತ್ತಿದ್ದರು, “ಬೆಣ್ಣಿ ಆಗ್ಯಾದ ಬೆಣ್ಣಿ.”

ಖುಷಿಯಾಗಬೇಕಿತ್ತು. ನುಣುಪಾದಷ್ಟೂ ಖಾತ್ರಿಯಾಗಿ ಬೀಳುತ್ತದೆ. ಆದರೆ ನನ್ನ ಕಣ್ಣು ಹೋದದ್ದು ಆ ಬಾಗಿನ ಮೇಲೆ. ಕಾಗದದಲ್ಲಿ ನಾನು ಎಳೆದ ಗೆರೆ ಎರಡು ಮೀಟರು ಉದ್ದವಾಗಿ ಎದುರಿಗಿತ್ತು. ನಾನು ಅದನ್ನು ಇಷ್ಟು ದೊಡ್ಡದಾಗಿ ಎಂದೂ ನೋಡಿರಲಿಲ್ಲ. ಸರ್ ಆಚೆ ತಿರುಗಿದಾಗ ಆ ಬಾಗಿನ ಮೇಲೆ ಒಂದು ಸಲ ಕೈಯಾಡಿಸಿದೆ. ಎಷ್ಟು ನುಣುಪಿದೆ ಎಂದು ನೋಡಲಿಕ್ಕೆ, ಅಷ್ಟೇ.

೧೫ ನವೆಂಬರ್

ನಾಳೆ. ಸೋಸಿದ ಪುಡಿ ಒಂದು ಪೊಟ್ಟಣ, ಬೇಗ ಒಣಗುವ ಗೋಂದು, ಒಂದು ಬ್ರಶ್ಶು ಚೀಲಕ್ಕೆ ಹಾಕಿಕೊಂಡೆ. ಬಿದ್ದ ಮೇಲೆ ಯಾಕೆ ಬಿತ್ತೆಂದು ಎಲ್ಲರಿಗೂ ತೋರಿಸಬೇಕಲ್ಲ, ಅದಕ್ಕೆ. ಬೇರೆ ಏನಕ್ಕೂ ಅಲ್ಲ.

“ಅಂಬರೇಶ ಸಿಕ್ರ ಕೇಳಿದೆ ಅಂತ ಹೇಳು,” ಎಂದಳು ಅವ್ವ. ನಡೆದದ್ದನ್ನು ಅವಳಿಗೆ ಇನ್ನೂ ಹೇಳಿಲ್ಲ.

೧೬ ನವೆಂಬರ್, ಶನಿವಾರ, ಸೇಡಂ ಸ್ಟೇಷನ್

ವಾಡಿಯ ಕಡೆಯ ಗಾಡಿ ಒಂದು ತಾಸು ತಡವಂತೆ. ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಮುಧೋಳಕ್ಕೆ ಟಂಟಂ ಆಟೋದಲ್ಲಿ ಹೋಗಿ ಮುಟ್ಟಿದಾಗ ಹತ್ತು ಗಂಟೆ. ತೊಗರಿ ಹಳದಿ ಹೂ ಬಿಟ್ಟು ಎದೆಮಟ್ಟ ನಿಂತಿತ್ತು. ರೇವಣಪ್ಪನವರು, ಅವರ ಕಡೆಯ ಹತ್ತು ಜನ, ನಾಗೇಂದ್ರಪ್ಪ ಸರ್. ಕಂಪನಿಯಿಂದ ಬಂದವರು ಸರ್ವರಬೇಗಂ ಎಂಬ ಎಂಜಿನಿಯರು. ಐವತ್ತರ ಹೆಂಗಸು, ತಲೆಗೆ ದುಪಟ್ಟಾ, ಕಾಲಿಗೆ ಬೂಟು. ಚಿಂಚೋಳಿಯ ಕಡೆ ಎರಡು ವರ್ಷದಿಂದ ಹೊಲಗಳ ಮೇಲೆ ಡ್ರೋನ್ ಹಾರಿಸಿದವರಂತೆ. ಮಾತು ಕಡಿಮೆ.

ನಿಂತು ನೋಡಲೆಂದೇ ಹೋದವಳು ನಾನು. ಕಾಲು ನೆಟ್ಟಗೆ ಅವನ ಹತ್ತಿರ ಹೋಯಿತು.

“ಅಂಬರೇಶ, ರೆಕ್ಕಿ ಮೂತಿಗೆ ಈ ಪುಡಿ ಹಚ್ಚು. ಎರಡು ನಿಮಿಷದ ಕೆಲಸ. ಇಲ್ಲಂದ್ರ ಮೊದಲನೇ ತಿರುವಿನ್ಯಾಗ ಬೀಳ್ತದ.”

ಅವನು ಪೊಟ್ಟಣ ನೋಡಿದ, ನನ್ನ ಮುಖ ನೋಡಿದ. ಫೋನು ತೆಗೆದು ನನ್ನದೇ ಸಂದೇಶ ಹಿಡಿದು ತೋರಿಸಿದ.

“ಇದನ್ನ ಬರದಾಕಿ ನೀನೇ ಹೌದಿಲ್ಲೋ? ಬೀಳೂದು ನೋಡ್ತೀನಿ ಅಂದಾಕಿ, ಇವತ್ತ ಪುಡಿ ತಂದೀ. ಯಾರಿಗೆ ಹುಚ್ಚ ಮಾಡಾಕ ಬಂದಿ?”

“ಖರೇನೇ ಹೇಳಾಕತ್ತೀನಿ. ಮಾರ್ಚಿನ್ಯಾಗಿನ ರೆಕ್ಕಿಗೆ ಶೆಡ್ಡಿನ ಪುಡಿ ಹತ್ತಿತ್ತು, ಅದಕ್ಕ ಹದಿನೈದು ಬಂತು. ನಿಂದು ನುಣುಪ ಅದ, ಹನ್ನೊಂದಕ್ಕ ಬಿಡ್ತದ. ನನ್ನ ಮ್ಯಾಲ ಸಿಟ್ಟಿದ್ರ ಇರಲಿ, ಪುಡಿ ಹಚ್ಚು.”

“ಬಾಜೂಕ ಸರಿ ಮೈತ್ರಿ. ಮುಟ್ಟಬ್ಯಾಡ ಅದಕ್ಕ.”

ಸರಿದೆ. ಬದುವಿನ ಮೇಲೆ ಹೋಗಿ ನಿಂತೆ.

ವಿಮಾನ ಚೆಂದ ಏರಿತು. ತೊಗರಿಯ ಮೇಲೆ ನೆಟ್ಟಗೆ ಹೋಯಿತು, ಔಷಧದ ತುಂತುರು ಬಿಸಿಲಲ್ಲಿ ಹೊಳೆಯಿತು, ಜನ ಹೋ ಎಂದರು. ಹೊಲದ ಅಂಚಿಗೆ ಬಂದು ವಾಲಿತು. ಅಂಬರೇಶ ಕೈಯಲ್ಲಿದ್ದ ರಿಮೋಟಿನಿಂದ ಮೂತಿ ಎತ್ತತೊಡಗಿದ. ಒಂಬತ್ತು, ಹತ್ತು ಎಂದು ನನ್ನ ಕಣ್ಣೇ ಅಳೆಯುತ್ತಿತ್ತು. “ಮೂತಿ ಇಳಸು ಅಂಬರೇಶ, ಇಳಸು” ಎಂದು ಕೂಗಿದೆ. ಗಂಟಲು ಇನ್ನೂ ನೋಯುತ್ತಿದೆ. ಅವನು ಕೇಳಿಸಿಕೊಂಡ, ಒಂದು ಕ್ಷಣ ನನ್ನ ಕಡೆ ನೋಡಿದ್ದನ್ನು ನಾನು ಕಂಡೆ. ಇಳಿಸಲಿಲ್ಲ, ಇನ್ನೂ ಎತ್ತಿದ. ತಿರುವಿನ ಒಳಬದಿಯ ರೆಕ್ಕೆ ಮೊದಲು ಸೋತಿತು. ವಿಮಾನ ಮಗುಚಿ ತಲೆಕೆಳಗಾಗಿ ತೊಗರಿಯೊಳಗೆ ಹೋಯಿತು.

ಎರಡೂವರೆ ತಿಂಗಳು ಕಾದ ಹೊತ್ತು ಅದು. ಕೈ ಎರಡೂ ತಲೆಯ ಮೇಲಿದ್ದವು, ಯಾವಾಗ ಹೋದವೋ ಗೊತ್ತಿಲ್ಲ.

ಸರ್ವರಬೇಗಂ ಮೇಡಂ ಹೊಲದೊಳಗೆ ಹೋಗಿ ಮುರಿದ ರೆಕ್ಕೆಯನ್ನು ಮೊಣಕಾಲೂರಿ ನೋಡಿದರು. ಎದ್ದು ಬಂದು ಪರೀಕ್ಷೆಯ ವರದಿ ಬರೆಯುವ ಕಾಗದ ತೆಗೆದರು. “ರೆಕ್ಕೆ ಡಿಸೈನ್ ಯಾರ್ದು?”

ಅಂಬರೇಶ ರಿಮೋಟನ್ನು ಕೆಳಗಿಟ್ಟ.

“ನಂದಲ್ರಿ ಮೇಡಂ. ಮೈತ್ರಿದು. ಅಂಕಿನೂ ಆಕಿ ಅಳದಿದ್ದೇ. ನಾ ಬರೇ ನಂಬೀನಿ.”

ಎಲ್ಲರೂ ನನ್ನ ಕಡೆ ತಿರುಗಿದರು. ಗೋಡೆಯ ಮೇಲೆ ಇಲ್ಲದ ಹೆಸರು, ವಿಮಾನ ಬಿದ್ದ ಮೇಲೆ ಹೊರಗೆ ಬಂತು. ಈಗ ಇಲ್ಲಿ ಕೂತಾಗ ಹೊಳೆಯುತ್ತಿದೆ: ‘ನನಗೇನೂ ಗೊತ್ತಿಲ್ರಿ, ನಿಮ್ಮ ಕಾಗದದಾಗ ಯಾರ ಹೆಸರದ ಅವರನ್ನ ಕೇಳ್ರಿ’ ಎಂದಿದ್ದರೆ ಸಾಕಿತ್ತು. ಅವನು ಅಲ್ಲೇ, ಸರ್ ಮುಂದೆ, ಮುಧೋಳದ ಜನರ ಮುಂದೆ ಮುಗಿದುಹೋಗುತ್ತಿದ್ದ. ಇದಕ್ಕಿಂತ ಚೊಕ್ಕ ಸೇಡು ನಾನೇ ಕೂತು ಬರೆದರೂ ಸಿಗುತ್ತಿರಲಿಲ್ಲ. ಅಂಥ ಮಾತು ಆಗ ನನ್ನ ತಲೆಗೆ ಬರಲೇ ಇಲ್ಲ. ಇಂಥ ಪೆದ್ದಿ ಎಲ್ಲಾದರೂ ಇದ್ದಾಳೆಯೇ.

ಮೇಡಂ ಅವನ ಹೆಸರಿನ ಮೇಲೆ ಗೀಟು ಎಳೆದು, ಪೆನ್ನು ಹಾಗೇ ಹಿಡಿದುಕೊಂಡು ನನ್ನನ್ನು ನೋಡಿದರು.

“ಬೇಟಾ, ವಿಚಾರ ಮಾಡಿ ಹೇಳು. ನಾ ಬರೆಯೂದು ಬಿದ್ದ ವಿಮಾನದ ಮ್ಯಾಲ, ಹಾರಿದ್ದರ ಮ್ಯಾಲ ಅಲ್ಲ. ಈ ಕಾಗದ ನಮ್ಮ ಆಫೀಸಿನ್ಯಾಗ ಭಾಳ ವರ್ಷ ಇರ್ತದ. ಈ ರೆಕ್ಕೆ ನಿಂದೇನು?”

“ನಂದೇರಿ ಮೇಡಂ. ತಪ್ಪೂ ನಂದೇ. ಹೆಸರು ಮೈತ್ರಿ, ತಂದಿ ನಾಮದೇವ, ಊರು ಶಹಾಬಾದ. ಬರಕೊಳ್ರಿ.”